ಹುಣಸೂರಿನ ತೋಪಿನೆತ್ತುಗಳು

1791ರ ಮೇ ತಿಂಗಳಲ್ಲಿ ಮೈಸೂರು ಸೀಮೆಯ ಎರಡು ಕಡೆ ಎರಡು ಇಂಗ್ಲಿಷ್ ದಂಡುಗಳು ತಮ್ಮ ದೊಡ್ಡ ತೋಪುಗಳನ್ನು ತಾವೇ ಕೆಡಿಸಿ ಹಿಂದಿರುಗಿದವು. ಒಂದು, ಬೆಂಗಳೂರಿನ ಕಡೆಯಿಂದ ಬಂದಿದ್ದ ಗವರ್ನರ್ ಜನರಲ್ ಕಾರ್ನ್‌ವಾಲಿಸನದು. ಮೇ 15ರಂದು ಅರಕೆರೆಯ ಹತ್ತಿರ ಅವನು ಟಿಪ್ಪುವಿನ ಸೇನೆಯನ್ನು ಹಿಮ್ಮೆಟ್ಟಿಸಿದ್ದ. ಶ್ರೀರಂಗಪಟ್ಟಣ ಕಣ್ಣಳತೆಯಲ್ಲೇ ಇತ್ತು. ಆದರೂ ಕೆಲವೇ ದಿನಗಳಲ್ಲಿ ಕನ್ನಂಬಾಡಿಯ ಬಳಿ ತನ್ನ ಮುತ್ತಿಗೆ ತೋಪುಗಳನ್ನು ಒಡೆಸಿ ಅವನು ಬೆಂಗಳೂರಿನ ದಾರಿ ಹಿಡಿದ. ಇನ್ನೊಂದು ದಂಡು ಜನರಲ್ ಅಬರ್‌ಕ್ರಾಂಬಿಯದು. ಮಲಬಾರಿನಿಂದ ಘಟ್ಟ ಹತ್ತಿ, ಕೊಡಗಿನ ದೊಡ್ಡ ವೀರರಾಜೇಂದ್ರನ ನೆರವಿನಿಂದ ಪಿರಿಯಾಪಟ್ಟಣದವರೆಗೆ ಅದು ಬಂದಿತ್ತು. ಕಾರ್ನ್‌ವಾಲಿಸನಿಂದ ಹಿಂದಿರುಗುವ ಅಪ್ಪಣೆ ಬಂದಾಗ ಅಬರ್‌ಕ್ರಾಂಬಿಯೂ ದೊಡ್ಡ ತೋಪುಗಳನ್ನು ಪಿರಿಯಾಪಟ್ಟಣದಲ್ಲೇ ಕೆಡಿಸಿ ಘಟ್ಟ ಇಳಿದ.

ಯುದ್ಧದಲ್ಲಿ ಸೋತು ತೋಪು ಬಿಟ್ಟು ಓಡಿದ ಸೇನೆಗಳ ಕಥೆ ಬೇಕಾದಷ್ಟಿದೆ. ಗೆದ್ದ ವಾರದಲ್ಲೇ ತೋಪು ಒಡೆಯಬೇಕಾದದ್ದು ಬೇರೆ ಮಾತು. ಅದಕ್ಕೆ ಕಾರಣ ಎತ್ತುಗಳು. ಟಿಪ್ಪುವಿನ ಸವಾರರು ದಾರಿಯುದ್ದಕ್ಕೂ ಹುಲ್ಲು ಸುಟ್ಟಿದ್ದರು, ಮೇವಿರಲಿಲ್ಲ, ಮುಂಗಾರು ಮುಂಚಿತವಾಗಿ ಹಿಡಿದಿತ್ತು, ಮೇಲಿಂದ ದನದ ರೋಗ. ಕಾರ್ನ್‌ವಾಲಿಸನ ದಂಡಿನ ಎತ್ತುಗಳು ಸಾವಿರಗಟ್ಟಲೆ ಬಿದ್ದುಹೋದವು. ಹದಿನೆಂಟು ಪೌಂಡಿನ ಗುಂಡು ಹಾರಿಸುವ ಒಂದು ಕಬ್ಬಿಣದ ತೋಪು ಎರಡು ಟನ್ನಿಗೂ ಮಿಗಿಲು ತೂಗುತ್ತದೆ. ಅದನ್ನು ಎಳೆಯಲು ಸಾಲುಗಟ್ಟಿ ಹೂಡಿದ ಹತ್ತಾರು ಜೊತೆ ಎತ್ತು ಬೇಕು. ಕೆಸರಿನಲ್ಲಿ ಗಾಲಿ ಹೂತರೆ ಹಿಂದಿನಿಂದ ಹಣೆಯೊತ್ತಿ ನೂಕಲು ಆನೆ ಬೇಕು. ಎತ್ತಿಲ್ಲದ ತೋಪು ನೆಲಕ್ಕೆ ಬಿದ್ದ ಕಬ್ಬಿಣ, ಅಷ್ಟೆ. ತೋಪು ಒಡೆದ ಕೆಲವೇ ದಿನಗಳಲ್ಲಿ, ಮೇಲುಕೋಟೆಯ ದಿಕ್ಕಿನಲ್ಲಿ, ಪರಶುರಾಮ ಭಾವು ಮತ್ತು ಹರಿಪಂತರ ಮರಾಠಾ ಸೇನೆ ಬಂದು ಕೂಡಿಕೊಂಡಿತು. ಅದರ ಬಜಾರಿನಲ್ಲಿ ದವಸವೂ ಇತ್ತು, ದನವೂ ಇತ್ತು. ಅಷ್ಟರಲ್ಲಿ ಮುತ್ತಿಗೆಯ ಕಾಲ ಮುಗಿದುಹೋಗಿತ್ತು.

ಕನ್ನಂಬಾಡಿಯ ಆ ಹಳೆಯ ಊರು ಇವತ್ತು ಕೃಷ್ಣರಾಜಸಾಗರದ ನೀರಿನ ಕೆಳಗಿದೆ. ಅದರ ಹಿನ್ನೀರು ಕೆ.ಆರ್. ನಗರದ ಕಡೆಗೆ ಚಾಚಿದೆ. ಭೇರ್ಯ, ಚುಂಚನಕಟ್ಟೆ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಇರುವ ಈ ಸೀಮೆ ಭತ್ತಕ್ಕೂ ಹೊಗೆಸೊಪ್ಪಿಗೂ ಹೆಸರಾದದ್ದು. ಇಲ್ಲಿನ ಶಾಲೆಯ ಮಕ್ಕಳಿಗೆ ಕಾರ್ನ್‌ವಾಲಿಸನ ಹೆಸರು ಗೊತ್ತು, ಟಿಪ್ಪುವಿನ ರಾಕೆಟ್ಟೂ ಗೊತ್ತು. ಆ ಯುದ್ಧಗಳ ಭಾರವನ್ನು ಹೆಗಲ ಮೇಲೆ ಹೊತ್ತ ದನಗಳ ಮುಖ್ಯ ಠಾಣೆ ತಮ್ಮ ಪಕ್ಕದ ಹುಣಸೂರಿನಲ್ಲೇ ಇತ್ತೆಂಬುದು ಗೊತ್ತಿಲ್ಲ. ಲಾರಿ ಬರುವುದಕ್ಕೆ ಮೊದಲು ದಂಡಿನ ಲಾರಿ ಎಂದರೆ ಎತ್ತೇ. ಯಾವ ಸೇನೆಗೆ ಯಾವ ಎತ್ತು ಸೇರಿತು, ಒಂದನ್ನು ಇನ್ನೊಂದರಿಂದ ಹೇಗೆ ಗುರುತು ಹಿಡಿಯುತ್ತಿದ್ದರು ಎಂಬುದು ರಾಜ್ಯಗಳ ಅಳಿವು ಉಳಿವಿನ ಪ್ರಶ್ನೆಯಾಗಿತ್ತು.

ಹುಣಸೂರಿನ ಠಾಣೆಗೆ ಸೇರಿದ ಆ ದನದ ಹಿಂಡಿನ ಹುಟ್ಟು ವಿಜಯನಗರದ ಕಾಲದ್ದು. ಶ್ರೀರಂಗಪಟ್ಟಣದಲ್ಲಿದ್ದ ರಾಯರ ಪ್ರತಿನಿಧಿಯ ಬಳಿ ಹಳ್ಳಿಕಾರ್ ಹಸುಗಳ ಒಂದು ಹಿಂಡಿತ್ತು. ಅದಕ್ಕೆ ಕರುಹಟ್ಟಿ ಎನ್ನುತ್ತಿದ್ದರು. ಪಟ್ಟಣದ ಜೊತೆಗೆ ಹಿಂಡೂ ಮೈಸೂರು ಒಡೆಯರ ಕೈಗೆ ಬಂತು. ಅವರು ಅದನ್ನು ಬೆಳೆಸಿದರು, ಮೇಯಲು ಕಾವಲುಗಳನ್ನು ಗೊತ್ತುಮಾಡಿದರು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಇದನ್ನು ಒಂದು ಇಲಾಖೆಯ ಮಟ್ಟಕ್ಕೆ ತಂದು ‘ಬೆಣ್ಣೆ ಚಾವಡಿ’ ಎಂದು ಕರೆದರು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಹೆಸರಿಗಿದ್ದ ಕೆಲಸ. ದಂಡಿಗೆ ಎತ್ತು ಒದಗಿಸುವುದು ಅದರೊಳಗೇ ಬೆಳೆದ ಕೆಲಸ.

ಹೈದರಾಲಿಯ ಕಾಲಕ್ಕೆ ಲೆಕ್ಕ ತಿರುಗಿತು. ಅವನು ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಎಲ್ಲ ತಳಿಯವೂ ಸೇರಿ ಕಡಿಮೆಯೆಂದರೆ ಅರವತ್ತು ಸಾವಿರ ಎತ್ತು ಇಟ್ಟಿದ್ದನೆಂದು ಹೇಳಿಕೆ. ಟಿಪ್ಪು ಹಾಗಲವಾಡಿಯ ಪಾಳೆಯಗಾರನ ದನಗಳನ್ನೂ ಇದಕ್ಕೆ ಸೇರಿಸಿದ, ಬೆಣ್ಣೆ ಚಾವಡಿಯ ಹೆಸರನ್ನು ಅಮೃತಮಹಲ್ ಎಂದು ಬದಲಿಸಿದ, ಇಲಾಖೆ ಹೇಗೆ ನಡೆಯಬೇಕೆಂದು ಹುಕುಂನಾಮೆ ಹೊರಡಿಸಿದ. ವರ್ಷಕ್ಕೊಮ್ಮೆ ಹಿಂಡುಗಳ ತಪಾಸಣೆಯಲ್ಲಿ ಅವನೇ ಮುತುವರ್ಜಿ ವಹಿಸುತ್ತಿದ್ದ. ಅವನನ್ನು ಸೋಲಿಸಿದ ಇಂಗ್ಲಿಷರೂ ಮುಂದೆ ಆ ಹುಕುಂನಾಮೆಯ ಕಟ್ಟಳೆಗಳನ್ನೇ ಇಟ್ಟುಕೊಂಡು ಹಿಂಡು ಸಾಕಿದರು. ಆಡಳಿತಗಾರನಾಗಿ ಟಿಪ್ಪುವಿಗೆ ಇದಕ್ಕಿಂತ ದೊಡ್ಡ ಮೆಚ್ಚುಗೆಯನ್ನು ಅವನ ಶತ್ರುಗಳು ಕೊಟ್ಟದ್ದು ಕಾಣುವುದಿಲ್ಲ.

ಫಲ ಕಣ್ಣಿಗೆ ಕಾಣುವಂತಿತ್ತು. 1781ರಲ್ಲಿ ಇಂಗ್ಲಿಷ್ ಜನರಲ್ ಐರ್ ಕೂಟ್ ಚಿದಂಬರಕ್ಕೆ ಕೈಹಾಕಿದಾಗ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಅದರ ನೆರವಿಗೆ ಬಂದ. ನೂರು ಮೈಲಿ ಎಂದರೆ ನೂರ ಅರವತ್ತು ಕಿಲೋಮೀಟರ್, ಅದೂ ತೋಪುಗಳ ಸಮೇತ. ಪ್ರತಿ ಸೋಲಿನ ಬಳಿಕವೂ ವೈರಿಯ ಕಣ್ಣೆದುರಿಗೇ ತನ್ನ ತೋಪುಗಳನ್ನು ಎಳೆಸಿಕೊಂಡು ಹೋಗುತ್ತಿದ್ದ. 1783ರಲ್ಲಿ ಬಿದನೂರನ್ನು ಮರಳಿ ಪಡೆಯಲು ಟಿಪ್ಪು ಒಂದೇ ತಿಂಗಳಲ್ಲಿ ಪರ್ಯಾಯದ್ವೀಪವನ್ನು ಅಡ್ಡಹಾಯ್ದ. 1790ರಲ್ಲಿ ಜನರಲ್ ಮೆಡೋಸನ ಮುಂದೆ ಎರಡು ದಿನದಲ್ಲಿ ಅರವತ್ತಮೂರು ಮೈಲಿ ನಡೆದ. ಇಂಥ ನಡಿಗೆಗಳ ವಿವರ ಕೊಡುವ ಮೈಸೂರು ಗೆಜೆಟಿಯರ್ ಇದರ ಕೀರ್ತಿಯನ್ನು ನೇರವಾಗಿ ಈ ಎತ್ತುಗಳಿಗೇ ಸಲ್ಲಿಸುತ್ತದೆ. ಸಿಪಾಯಿಗಳಿಗಿಂತ ಬಿರುಸಾಗಿ ಹೆಜ್ಜೆ ಹಾಕುವ ಎತ್ತು ಸಿಕ್ಕರೆ ಸೇನಾಪತಿಯ ಯೋಚನೆಯ ವೇಗವೂ ಹೆಚ್ಚುತ್ತದೆ.

ಈಗ ಗುರುತಿನ ವಿಚಾರಕ್ಕೆ ಬರಬಹುದು.

ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ದಂಡಿನ ಲೆಕ್ಕದಲ್ಲಿ ಎಲ್ಲ ಎತ್ತೂ ಒಂದೇ ಆಗಿರಲಿಲ್ಲ. ತೋಪು, ಗಾಡಿ ಎಳೆಯುವ ಎತ್ತು ಬೇರೆ; ಬೆನ್ನ ಮೇಲೆ ಮೂಟೆ ಹೊರುವ ಹೇರೆತ್ತು ಬೇರೆ. ಹೇರೆತ್ತು ಹೆಚ್ಚಾಗಿ ಲಂಬಾಣಿಗಳದು. ಅವರು ಸಾವಿರಾರು ಹೇರೆತ್ತುಗಳ ಮೇಲೆ ಅಕ್ಕಿ, ಗೋಧಿ, ಉಪ್ಪು ಹೇರಿಕೊಂಡು ಬಂದು ದಂಡಿನ ಬಜಾರಿನಲ್ಲಿ ಮಾರುತ್ತಿದ್ದರು. ಕಾರ್ನ್‌ವಾಲಿಸ್ 1792ರ ಫೆಬ್ರವರಿಯಲ್ಲಿ ಮತ್ತೆ ಶ್ರೀರಂಗಪಟ್ಟಣಕ್ಕೆ ಬಂದು ಗೆದ್ದದ್ದರ ಹಿಂದೆ, ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಲಂಬಾಣಿಗಳನ್ನು ಒಲಿಸಿ ಕೂಡಿಸಿದ ಈ ಸರಬರಾಜೂ ಇದೆ. ಆದರೆ ಹೇರೆತ್ತನ್ನು ತೋಪಿಗೆ ಹೂಡಲಾಗದು. ತೋಪಿಗೆ ಬೇಕಾದದ್ದು ಕಟ್ಟುಮಸ್ತಾದ ಬಲ, ಗಟ್ಟಿ ಗೊರಸು, ಎಳೆಯುವುದನ್ನು ನಿಲ್ಲಿಸದೆ ನಡೆಯುವ ಹಟ. ಅದು ಹುಟ್ಟಿನಿಂದ ಬರಬೇಕು.

ಹುಟ್ಟನ್ನು ಓದುವುದು ಹೇಗೆ? ಮೊದಲ ಗುರುತು ಕೊಂಬು. ಹಳ್ಳಿಕಾರ್ ಎತ್ತಿನ ಕೊಂಬುಗಳು ನೆತ್ತಿಯ ಮೇಲೆ ಹತ್ತಿರ ಹತ್ತಿರ ಮೂಡಿ, ಅರ್ಧದಷ್ಟು ಉದ್ದ ನೆಟ್ಟಗೆ ಹಿಂದಕ್ಕೆ ಹೋಗಿ, ಆಮೇಲೆ ನಯವಾಗಿ ಮುಂದಕ್ಕೆ ಬಾಗುತ್ತವೆ. ಅಮೃತಮಹಲ್ ಕೊಂಬೂ ನೆತ್ತಿಯಲ್ಲಿ ಹತ್ತಿರವೇ ಮೂಡುತ್ತದೆ, ಆದರೆ ಮೇಲಕ್ಕೂ ಹಿಂದಕ್ಕೂ ಸಾಗಿ, ಉದ್ದ ಬೆಳೆದಂತೆ ತುದಿಗಳು ಒಳಮುಖವಾಗಿ ಒಂದರ ಹತ್ತಿರ ಒಂದು ಬರುತ್ತವೆ. ಕೆಲವು ಮುದಿ ಎತ್ತುಗಳಲ್ಲಿ ಹೆಣೆದುಕೊಂಡಂತೆಯೂ ಕಾಣುತ್ತವೆ. ತುದಿ ಕಪ್ಪು, ಸೂಜಿಯ ಮೊನೆ. ಕೊಂಗುನಾಡಿನ ಕಾಂಗೇಯಂ ಎತ್ತಿನದು ದಪ್ಪ ಕೊಂಬು. ಹೊರಕ್ಕೆ ಹರಡಿ ಹಿಂದಕ್ಕೆ ಬಾಗಿ ಹೆಚ್ಚುಕಡಿಮೆ ಒಂದು ಬಳೆಯನ್ನೇ ಬರೆಯುತ್ತದೆ. ಸೊಲ್ಲಾಪುರ, ಸಾತಾರಾ, ಬಿಜಾಪುರದ ಕಡೆಯ ಖಿಲಾರಿ ಬಿಳಿ ಮೈಯ ಎತ್ತರದ ದನ. ಅದರ ಉದ್ದನೆಯ ಕೊಂಬು ಬಿಲ್ಲಿನಂತೆ ಹಿಂದಕ್ಕೆ ಹೋಗಿ ಮೇಲೇಳುತ್ತದೆ. ಖಿಲಾರಿಯ ವಂಶವೂ ಹಳ್ಳಿಕಾರಿನಿಂದ ಕವಲೊಡೆದದ್ದೆಂದು ದನದ ತಜ್ಞರು ಎಣಿಸುತ್ತಾರೆ.

ಕೊಂಬು ಒಂದನ್ನೇ ನಂಬಿದರೆ ಕಣ್ಣು ಮೋಸ ಹೋಗುತ್ತದೆ, ಏಕೆಂದರೆ ಅಮೃತಮಹಲ್ ಎಂಬುದು ಒಂದೇ ನೆತ್ತರಿನ ಹಿಂಡಲ್ಲ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಮೂಲಗಳು ಸರ್ಕಾರಿ ಕಾವಲುಗಳಲ್ಲಿ ಕೂಡಿ, ತಲೆಮಾರುಗಳ ಆಯ್ಕೆಯಲ್ಲಿ ಒಂದಾದದ್ದು ಅದು. ಆದ್ದರಿಂದ ಮುಖವನ್ನೂ ಓದಬೇಕು. ಹಳ್ಳಿಕಾರ್, ಅಮೃತಮಹಲ್ ಎರಡಕ್ಕೂ ಮುಖ ಉದ್ದ, ಮೂತಿಯ ಕಡೆಗೆ ಸಣ್ಣ. ಎರಡಕ್ಕೂ ಹಣೆಯ ನಡುವೆ ಒಂದು ಗೀರು. ಅಮೃತಮಹಲಿನ ಮೈ ಬೂದು, ಬಹುಪಾಲು ಬಿಳಿಯಿಂದ ಹಿಡಿದು ಕಪ್ಪಿಗೆ ತಿರುಗುವವರೆಗೆ. ಮುಖದ ಮೇಲೆ, ಗಂಗೆದೊಗಲಿನ ಮೇಲೆ ಬೆಳ್ಳನೆಯ ಗುರುತುಗಳು. ಮೂತಿ, ಕಾಲು, ಬಾಲದ ಕುಚ್ಚು ಕಪ್ಪು. ಕಿವಿ ಸಣ್ಣದು, ಒಳಗೆ ಹಳದಿ ಛಾಯೆ. ಹಳ್ಳಿಕಾರಿನಲ್ಲಿ ಕಣ್ಣಿನ ಸುತ್ತ, ಕೆನ್ನೆಯ ಮೇಲೆ ತಿಳಿಬೂದು ಬಣ್ಣ ಎದ್ದು ಕಾಣುತ್ತದೆ. ಕೊನೆಗೆ ಸ್ವಭಾವ. ಹಟ್ಟಿಯಲ್ಲಿ ಮನುಷ್ಯರ ನಡುವೆ ಬೆಳೆದ ಹಳ್ಳಿಕಾರ್ ಕರು ಕರೆದರೆ ಬರುತ್ತದೆ. ಕಾವಲಿನಲ್ಲಿ ಬೆಳೆದ ಅಮೃತಮಹಲ್ ಹಸು ಹೊಸಬರನ್ನು ಕಂಡರೆ ತಲೆ ಎತ್ತಿ ನಿಲ್ಲುತ್ತದೆ. ಹತ್ತಿರ ಹೋದರೆ ಮೇಲೆ ಬೀಳುತ್ತದೆ.

ವಯಸ್ಸಿಗೆ ಹಲ್ಲು. ಭೇರ್ಯದ ಸುತ್ತಿನ ರೈತರು ಸಂಕ್ರಾಂತಿಯ ಸುಮಾರಿಗೆ ನಡೆಯುವ ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೋದರೆ ಇವತ್ತಿಗೂ ಬೆಲೆ ಮಾತಿಗೆ ಮುಂಚೆ ಬಾಯಿ ಬಿಡಿಸಿ ನೋಡುತ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂಬುದೇ ಅಲ್ಲಿ ಲೆಕ್ಕ. ಎರಡೂವರೆ ವರ್ಷದ ಸುಮಾರಿಗೆ ಹಾಲುಹಲ್ಲು ಬಿದ್ದು ಮೊದಲ ಜೋಡಿ ಬರುತ್ತದೆ. ಐದರ ಹೊತ್ತಿಗೆ ಎಂಟೂ ತುಂಬುತ್ತವೆ. ಆಮೇಲೆ ಸುಳಿ ನೋಡಿ, ಗೊರಸು ಎತ್ತಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ ಟವೆಲ್ಲಿನ ಕೆಳಗೆ ಬೆರಳು ಹಿಡಿಯುತ್ತಾರೆ. ಸುಳಿಯ ಶಕುನವನ್ನು ಬಿಟ್ಟರೆ, ಎರಡು ಶತಮಾನದ ಹಿಂದೆ ದಂಡಿನ ದಾರೋಗನೂ ನೋಡಬೇಕಾಗಿದ್ದದ್ದು ಇವನ್ನೇ.

ಅಮೃತಮಹಲಿನ ಕ್ರಮದಲ್ಲಿ ಈ ವಯಸ್ಸಿಗೆ ಕಟ್ಟುನಿಟ್ಟಿತ್ತು. ಗಂಡು ಕರುಗಳಿಗೆ ಚಳಿಗಾಲದಲ್ಲಿ, ನವೆಂಬರ್ ಸುಮಾರಿಗೆ, ಬೀಜ ಹೊಡೆಯುತ್ತಿದ್ದರು. ಹಿಂಡಿನಿಂದ ಬೇರ್ಪಡಿಸಿ, ನಾಲ್ಕು ವರ್ಷ ತುಂಬಿದ ಮೇಲೆ ದಂಡಿನ ದನದ ಇಲಾಖೆಗೆ ಒಪ್ಪಿಸುತ್ತಿದ್ದರು. ಐದಕ್ಕೆ ಪೂರಾ ದುಡಿಮೆ, ಹನ್ನೆರಡರವರೆಗೆ ಒಳ್ಳೆಯ ಕಸುವು, ಹದಿನಾಲ್ಕು ಹದಿನೈದರವರೆಗೂ ನಡೆಯುತ್ತದೆ, ಹದಿನೆಂಟಕ್ಕೆ ಆಯಸ್ಸು ಮುಗಿಯುತ್ತದೆ ಎಂಬುದು ಇಲಾಖೆಯ ಅನುಭವದ ಲೆಕ್ಕ. ಕಾವಲಿನಲ್ಲಿ ಕಾಡುದನದಂತೆ ಬೆಳೆದ ಹೋರಿಯನ್ನು ನೊಗಕ್ಕೆ ತರುವುದು ಸುಲಭದ ಮಾತಲ್ಲ. ಈ ಪಳಗಿಸುವ ಕೆಲಸದ, ಒಟ್ಟು ಇಲಾಖೆಯ ಮುಖ್ಯ ಠಾಣೆ ಹುಣಸೂರಿನಲ್ಲಿತ್ತು.

ಹುಣಸೂರೇ ಏಕೆ? ಅದು ಲಕ್ಷ್ಮಣತೀರ್ಥ ಹೊಳೆಯ ದಡದ ಊರು, ನೀರು ಪಕ್ಕದಲ್ಲೇ. ಪಡುವಲಿಗೆ ಪಿರಿಯಾಪಟ್ಟಣ ದಾಟಿ ಕೊಡಗಿನ ಘಟ್ಟದ ದಾರಿ, ತೆಂಕಲಿಗೆ ಹೆಗ್ಗಡದೇವನಕೋಟೆಯ ಕಾಡು, ಮೂಡಲಿಗೆ ಮೈಸೂರು, ಶ್ರೀರಂಗಪಟ್ಟಣ. ಗಾಡಿಗೆ ಬೇಕಾದ ತೇಗ, ಹೊನ್ನೆ, ಮತ್ತಿ ಮರ ಕಾಕನಕೋಟೆಯ ಕಡೆಯ ಕಾಡಿನಲ್ಲಿ. ಕಂಬಳಿಗೆ ಉಣ್ಣೆ ಕುರುಬರ ಹಟ್ಟಿಗಳಲ್ಲಿ. ಈ ಅನುಕೂಲಗಳೆಲ್ಲ ಒಂದೆಡೆ ಕೂಡುವ ಜಾಗ ಮೈಸೂರು ಸೀಮೆಯಲ್ಲಿ ಹೆಚ್ಚಿರಲಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಅದಕ್ಕೆ ಎರಡು ತಿಂಗಳ ಮೊದಲು, ಮಾರ್ಚ್ 6ರಂದು, ಟಿಪ್ಪು ಪಿರಿಯಾಪಟ್ಟಣದಾಚೆಯ ಸಿದ್ಧೇಶ್ವರದಲ್ಲಿ ಬೊಂಬಾಯಿ ಸೇನೆಯ ಮುಂದಾಳು ತುಕಡಿಯ ಮೇಲೆ ಬಿದ್ದು, ಅದನ್ನು ಮುರಿಯಲಾರದೆ ಹಿಂದಿರುಗಿದ್ದ. ರಾಜಧಾನಿಯ ಜೊತೆಗೆ ಹಿಂಡೂ ಇಂಗ್ಲಿಷರ ಕೈಗೆ ಬಂತು. ಮೊದಲು ಅದರ ಪಾಲನೆಯನ್ನು ಮೈಸೂರು ಸರ್ಕಾರಕ್ಕೇ ಬಿಟ್ಟು, ದಂಡಿಗೆ ಎತ್ತು ಕೊಡುವ ಕರಾರು ಹಾಕಿದರು. ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದವನು, ಶ್ರೀರಂಗಪಟ್ಟಣದಲ್ಲಿ ಅಧಿಕಾರದಲ್ಲಿದ್ದಾಗ ಈ ಎತ್ತುಗಳ ಬೆಲೆ ಕಂಡುಕೊಂಡ. 1803ರಲ್ಲಿ ಮರಾಠರ ಮೇಲೆ ಅವನು ನಡೆಸಿದ, ಅಸ್ಸಾಯೆಯ ಗೆಲುವಿನೊಂದಿಗೆ ಹೆಸರಾದ ದಂಡಯಾತ್ರೆಯ ವೇಗಕ್ಕೆ ಮೈಸೂರಿನ ಎತ್ತುಗಳ ನೆರವಿತ್ತು. ಮುಂದೆ ಸ್ಪೇನ್, ಪೋರ್ಚುಗಲ್ಲುಗಳಲ್ಲಿ ನೆಪೋಲಿಯನ್ನನ ಸೇನೆಯ ವಿರುದ್ಧ ಹೋರಾಡುವಾಗ ಅವೇ ಎತ್ತು ತನ್ನ ಬಳಿ ಇಲ್ಲವಲ್ಲ ಎಂದು ಅವನು ಹಲುಬಿದನೆಂದು ಗೆಜೆಟಿಯರ್ ಬರೆಯುತ್ತದೆ. ಯೂರೋಪಿನ ಯುದ್ಧಭೂಮಿಯಲ್ಲಿ ನಿಂತು ಮೈಸೂರಿನ ದನ ಬಯಸಿದ ಆ ಮಾತನ್ನು ಇಲ್ಲಿನ ಶಾಲೆಯ ಪುಸ್ತಕಗಳು ಯಾಕೆ ಹೇಳುವುದಿಲ್ಲವೋ.

ಕರಾರಿನ ಕಾಲದಲ್ಲಿ ಹಿಂಡು ಸೊರಗಿತು. 1813ರಲ್ಲಿ ಮದರಾಸು ಸರ್ಕಾರ ಅದನ್ನು ನೇರ ಕೈಗೆ ತೆಗೆದುಕೊಂಡು ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿಗೆ ಒಪ್ಪಿಸಿತು. ಹತ್ತು ವರ್ಷದಲ್ಲಿ ದನದ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಅದರ ಗುಟ್ಟು ಕಾವಲು. ಮೈಸೂರು ಸೀಮೆಯಲ್ಲಿ ಚದುರಿಕೊಂಡಿದ್ದ 208 ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರಾಗಿ ವಿಂಗಡಿಸಿದ್ದರು. ಬೇಸಿಗೆಯಲ್ಲಿ ನೆರಳು, ನೀರು ಇರುವ ಕಡೆ. ಮಳೆ ಬಿದ್ದಾಗ ಬಯಲುಸೀಮೆಯ ಎಳೆ ಹುಲ್ಲಿನ ಕಡೆ. ಹೀಗೆ ಹಿಂಡು ವರ್ಷವಿಡೀ ನಡೆಯುತ್ತಲೇ ಇರುತ್ತಿತ್ತು. ಹಿಂಡಿನ ಜೊತೆ ಕಂಬಳಿ ಹೊದ್ದು ನಡೆಯುತ್ತಿದ್ದವರು ಸೇರ್ವೆಗಾರರು ಮತ್ತು ಕಾವಲುಗಾರರು. ಸಾವಿರಾರು ದನದಲ್ಲಿ ಯಾವ ಕರು ಯಾವ ಹಸುವಿನದು ಎಂದು ಇಂಥವರ ಬಾಯಲ್ಲೇ ದಾಖಲೆಯಿರುತ್ತಿತ್ತು. ತೊಡೆಯ ಮೇಲಿನ ಮುದ್ರೆ ಸರ್ಕಾರದ್ದು ಎಂದಷ್ಟೇ ಹೇಳುತ್ತದೆ. ತಾಯಿ ಯಾರೆಂದು ಹೇಳಬೇಕಾದವನು ಸೇರ್ವೆಗಾರನೇ. ಅವರ ಹೆಸರುಗಳು ಯಾವ ಗೆಜೆಟಿಯರಿನಲ್ಲೂ ಬರಲಿಲ್ಲ. ಅದು ಅನ್ಯಾಯ.

ಮದರಾಸಿನ ಕಮಿಸರಿಯೇಟ್, ಅಂದರೆ ದಂಡಿನ ಸರಬರಾಜು ಇಲಾಖೆ, ಹುಣಸೂರಿನಲ್ಲಿ ದನದ ಠಾಣೆಯ ಜೊತೆಗೆ ಒಂದು ಕಾರ್ಖಾನೆಗಳ ಪೇಟೆಯನ್ನೇ ಕಟ್ಟಿತು. ಚರ್ಮ ಹದಮಾಡುವ ದೊಡ್ಡ ಕಾರ್ಖಾನೆ, ಕಂಬಳಿ ನೇಯುವ ಕಾರ್ಖಾನೆ, ಮರದ ಅಡ್ಡೆ, ಗಾಡಿ ಕಟ್ಟುವ ಜಾಗ. ಸಿಪಾಯಿಯ ಬೂಟು, ಬೆನ್ನುಚೀಲ, ಹೊದಿಕೆ ಇಲ್ಲಿಂದ ಹೋಗುತ್ತಿದ್ದವು. ಎತ್ತು ಇಲ್ಲಿ ಪಳಗಿ, ಇಲ್ಲೇ ಕಟ್ಟಿದ ಗಾಡಿಗೆ ಹೂಡಿ, ಇಲ್ಲೇ ಹೊಲಿದ ಬೂಟು ತೊಟ್ಟವರ ಮುಂದೆ ನಡೆಯುವುದು ಸಾಧ್ಯವಿತ್ತು. ಗಾಡಿಯ ಅಚ್ಚು, ಮೂಕಿ, ನೊಗ ಮಾಡಲು ಕಲಿತ ಬಡಗಿಗಳು, ತೊಗಲಿನ ಕೆಲಸ ಕಲಿತವರು, ಲಾಳ ಕಟ್ಟುವವರು ಊರಿನಲ್ಲಿ ತಲೆಮಾರುಗಟ್ಟಲೆ ಉಳಿದರು.

ಈ ಎತ್ತುಗಳು ಎಲ್ಲಿಯವರೆಗೆ ನಡೆದವು? ಕಾಬೂಲಿನವರೆಗೆ. 1842ರ ಆಫ್ಘನ್ ದಂಡಯಾತ್ರೆಯಲ್ಲಿ 230 ಮೈಸೂರು ಎತ್ತುಗಳು ಹೋಗಿದ್ದವು. ಅವುಗಳಷ್ಟು ತಾಳಿಕೆಯ ದನ ದಂಡಿನಲ್ಲಿ ಬೇರೆ ಇರಲಿಲ್ಲವೆಂದೂ, ಎಷ್ಟೋ ಸಲ ದಿನಕ್ಕೆ ಹದಿನಾರು ಗಂಟೆ ನೊಗದಲ್ಲೇ ಇದ್ದವೆಂದೂ ಕ್ಯಾಪ್ಟನ್ ಡೇವಿಡ್ಸನ್ ಎಂಬಾತ ವರದಿ ಕೊಟ್ಟ. ಹೊನ್ನೆಯ ನೆರಳಿನ, ಕೆಮ್ಮಣ್ಣಿನ ನಾಡಿನಲ್ಲಿ ಹುಟ್ಟಿದ ದನಕ್ಕೆ ಆ ಕಲ್ಲುಕಣಿವೆಗಳ ಚಳಿ ಏನಾಗಿರಬೇಕು!

ಇಂಥ ಹಿಂಡನ್ನು 1860ರಲ್ಲಿ ಒಂದೇ ಏಟಿಗೆ ಮಾರಿಬಿಟ್ಟರು. 1857ರ ದಂಗೆಯ ಬಳಿಕ ಖಜಾನೆ ಬರಿದಾಗಿತ್ತು. ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್ ಖರ್ಚು ಕತ್ತರಿಸುತ್ತಿದ್ದ. ಹಸುಗಳೂ ಹೋರಿಗಳೂ ಹರಾಜಿನಲ್ಲಿ ಚದುರಿಹೋದವು. ಈಜಿಪ್ಟಿನ ಪಾಷಾನೂ ಒಂದಷ್ಟನ್ನು ಕೊಂಡ. 1864ರಲ್ಲಿ ಹುಣಸೂರಿನ ಕಾರ್ಖಾನೆಗಳನ್ನೂ ಮುಚ್ಚಿದರು. ಕಟ್ಟಲು ಇನ್ನೂರು ಮುನ್ನೂರು ವರ್ಷ ಹಿಡಿದದ್ದನ್ನು ಮಾರಲು ಕೆಲವು ದಿನ ಸಾಕಾಯಿತು. ತಪ್ಪು ಬೇಗನೆ ತಿಳಿಯಿತು. ಒಳ್ಳೆಯ ಎತ್ತಿನ ಬೆಲೆ ಏರಿತು, ದಂಡಿಗೆ ಸಿಗುವುದೇ ಕಷ್ಟವಾಯಿತು, ರೈತರ ದನಕ್ಕೂ ಒಳ್ಳೆಯ ಹೋರಿ ಇಲ್ಲವಾಯಿತು. 1866ರಲ್ಲಿ, ಲೂಯಿ ಬೌರಿಂಗ್ ಮೈಸೂರಿನ ಕಮಿಷನರಾಗಿದ್ದಾಗ, ಚದುರಿದ ದನಗಳನ್ನು ಹುಡುಕಿ ಹುಡುಕಿ ಕೊಂಡು ಹಿಂಡನ್ನು ಮತ್ತೆ ಕಟ್ಟಲು ತೊಡಗಿದರು. ಗುರುತು ಹಿಡಿಯುವ ಕಣ್ಣಿನ ಬೆಲೆ ಆಗ ಗೊತ್ತಾಗಿರಬೇಕು: ಆರು ವರ್ಷ ಊರೂರಿನ ಕೊಟ್ಟಿಗೆಗಳಲ್ಲಿ ಬೆರೆತುಹೋದ ದನದಲ್ಲಿ ಅಮೃತಮಹಲ್ ಯಾವುದು, ನೆರೆಹೊರೆಯ ಹಳ್ಳಿಕಾರ್ ಯಾವುದು, ಎರಡರ ಬೆರಕೆ ಯಾವುದು ಎಂದು ಕೊಂಬು, ಹಣೆ, ಗಂಗೆದೊಗಲು ನೋಡಿ ಆರಿಸಬೇಕಿತ್ತು. ಇಂಗ್ಲಿಷರ ಆಡಳಿತದಲ್ಲಿದ್ದ ರಾಜ್ಯ ಒಡೆಯರಿಗೆ ಮರಳಿದ ಮರುವರ್ಷ, 1882ರಲ್ಲಿ, ಮೈಸೂರು ಸರ್ಕಾರ ಹಿಂಡನ್ನು ಕೊಂಡುಕೊಂಡಿತು. 1920ರ ದಶಕದಲ್ಲಿ ಅದು ಕೃಷಿಯ ಕಡೆಗೆ ಬಂತು. ಮುಖ್ಯ ಠಾಣೆ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರವಾಯಿತು.

ದಂಡಿಗೆ ಎತ್ತು ಬೇಡವಾಗುವ ಕಾಲವೂ ಬಂತು. ಮೊದಲ ಮಹಾಯುದ್ಧದಲ್ಲಿ ಮೋಟಾರು ಲಾರಿ ಕಾಲೂರಿತು. ಎರಡನೆಯದರಲ್ಲಿ ಅದೇ ಎಲ್ಲ. ಕೆನಡಾ ದೇಶವೊಂದೇ ಒಂದು ಮಾದರಿಯ ನಾಲ್ಕು ಲಕ್ಷದಷ್ಟು ಸೇನಾ ಲಾರಿಗಳನ್ನು ತಯಾರಿಸಿತು. ಮೂತಿ ಚಪ್ಪಟೆ, ಮುಂಗಾಜು ಎತ್ತರ. ಫೋರ್ಡ್ ಕಟ್ಟಿದ್ದಕ್ಕೆ ಎಂಟು ಸಿಲಿಂಡರಿನ ವಿ-8 ಎಂಜಿನ್, ಷೆವರ್ಲೆ ಕಟ್ಟಿದ್ದಕ್ಕೆ ಆರು ಸಿಲಿಂಡರಿನದು. ಹೊರನೋಟಕ್ಕೆ ಎರಡೂ ಒಂದೇ ತಾಯಿಯ ಮಕ್ಕಳು. ಬ್ರಿಟನ್ನಿಗೂ ಹೋದವು, ಆಸ್ಟ್ರೇಲಿಯಕ್ಕೂ ಹೋದವು, ಭಾರತದ ಸೇನೆಗೂ ಬಂದವು. ಭಾರತಕ್ಕೆ ಎಷ್ಟೋ ಲಾರಿಗಳು ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ಬಂದು ಇಲ್ಲೇ ಜೋಡಣೆಯಾದವು. ಮರದ ಬಾಡಿಯನ್ನು ಇಲ್ಲಿನ ಬಡಗಿಗಳೇ ಕಟ್ಟಿದರು. ಹಳೆಯ ಸೇನಾ ಗಾಡಿಗಳನ್ನು ಪ್ರೀತಿಯಿಂದ ಉಳಿಸುವವರು ಇವತ್ತು ಒಂದು ಲಾರಿ ಸಿಕ್ಕರೆ ಮೊದಲು ಹುಡುಕುವುದು ಷಾಸಿಯ ನಂಬರು, ಡ್ಯಾಷ್‌ಬೋರ್ಡಿನ ತಗಡು, ಕ್ಯಾಬಿನ್ನಿನ ಆಕಾರ, ಬಾಡಿ ಎಲ್ಲಿ ಕಟ್ಟಿದ್ದು ಎಂಬ ಸುಳಿವು. ಕಾವಲಿನ ಸೇರ್ವೆಗಾರ ಮಾಡುತ್ತಿದ್ದದ್ದೂ ಇದೇ ಕೆಲಸ. ಯುದ್ಧ ಮುಗಿದ ಮೇಲೆ ಸೇನೆ ಮಾರಿದ ಇಂಥ ಲಾರಿಗಳು ದೇಶದ ಎಷ್ಟೋ ಕಡೆ ಹೊಸ ಬಾಡಿ ಕಟ್ಟಿಸಿಕೊಂಡು ಬಸ್ಸಾದವು, ದಿಮ್ಮಿ ಸಾಗಿಸುವ ಲಾರಿಯಾದವು. ಕಮಿಸರಿಯೇಟಿನ ವಾರಸುದಾರನಾದ ಆರ್ಮಿ ಸರ್ವೀಸ್ ಕೋರಿನ ತರಬೇತಿ ಕೇಂದ್ರ ಈಗ ಬೆಂಗಳೂರಿನಲ್ಲಿದೆ. ಆ ದಳದಲ್ಲಿ ಬೆಟ್ಟದ ದಾರಿಗೆ ಹೇಸರಗತ್ತೆಗಳು ಇನ್ನೂ ಇವೆ, ತೋಪಿನೆತ್ತು ಇಲ್ಲ.

ಲಾರಿ ತುಕ್ಕು ಹಿಡಿದರೂ ಅದರ ನಕ್ಷೆ ಎಲ್ಲಾದರೂ ಉಳಿದಿರುತ್ತದೆ, ಬೇಕೆಂದವರು ಮತ್ತೆ ಮಾಡಿಕೊಳ್ಳಬಹುದು. ತಳಿಗೆ ಆ ಅನುಕೂಲವಿಲ್ಲ. ಹಿಂಡು ಬೆರಕೆಯಾದರೆ, ಮೇಯುವ ನೆಲ ಹೋದರೆ, ಅದು ಹೋದಂತೆಯೇ. ಹಳ್ಳಿಕಾರ್ ರೈತರ ಕೊಟ್ಟಿಗೆಯ ದನವಾದ್ದರಿಂದ ತಾಳಿಕೊಂಡಿದೆ. ಚುಂಚನಕಟ್ಟೆಯಲ್ಲಿ ಸಿಂಗರಿಸಿದ ಜೋಡಿಗಳಿಗೆ ಈಗಲೂ ಲಕ್ಷಗಳಲ್ಲಿ ಮಾತು ನಡೆಯುತ್ತದೆ. ಅಮೃತಮಹಲಿಗೆ ಕೊಟ್ಟಿಗೆಯಿಲ್ಲ, ಕಾವಲೇ ಮನೆ. ಅಜ್ಜಂಪುರದ ಕೇಂದ್ರ ಮತ್ತು ಬೀರೂರು, ಲಿಂಗದಹಳ್ಳಿ, ಬಾಸೂರಿನಂಥ ಕಡೆಯ ಕಾವಲುಗಳಲ್ಲಿ ಉಳಿದ ಹಿಂಡುಗಳನ್ನು ಸರ್ಕಾರ ಸಾಕುತ್ತಿದೆ, ವರ್ಷಕ್ಕೊಮ್ಮೆ ಗಂಡು ಕರುಗಳನ್ನು ಹರಾಜು ಹಾಕುತ್ತದೆ. ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಎಂದು ಸಾರಿದ್ದಾರೆ. ದನಕ್ಕೆಂದು ಬಿಟ್ಟ ಹುಲ್ಲು ಜಿಂಕೆಯನ್ನೂ ಹಕ್ಕಿಯನ್ನೂ ಉಳಿಸಿದೆ.

ಉಳಿದ ಕಾವಲುಗಳ ಕಥೆ ಅಷ್ಟು ಒಳ್ಳೆಯದಲ್ಲ. ಲಕ್ಷಗಟ್ಟಲೆ ಎಕರೆಯಿದ್ದದ್ದು ಸಾಗುವಳಿಗೆ, ಬಡಾವಣೆಗೆ, ನೀಲಗಿರಿ ತೋಪಿಗೆ, ಕಾರ್ಖಾನೆಗೆ ತುಂಡುತುಂಡಾಗಿ ಹೋಯಿತು. 2000ದ ದಶಕದ ಕೊನೆಯಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಕಡೆ ಎಂಟು ಸಾವಿರ ಎಕರೆಗೂ ಹೆಚ್ಚು ನೆಲವನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಕೊಟ್ಟರು. ಕುರಿ, ದನ ಮೇಯಿಸುತ್ತಿದ್ದ ಸುತ್ತಲಿನ ಹಳ್ಳಿಗಳವರು ಹಸಿರು ನ್ಯಾಯಮಂಡಳಿಯವರೆಗೂ ಹೋದರು. 2017ರ ಮೇ ತಿಂಗಳಲ್ಲಿ ಅಲ್ಲಿ ಪೈಲಟ್ ಇಲ್ಲದ ಸೇನಾ ವಿಮಾನಗಳನ್ನು ಹಾರಿಸಿ ನೋಡುವ ಪರೀಕ್ಷಾ ಕೇಂದ್ರ ಶುರುವಾಯಿತು. ದಂಡಿನ ಎತ್ತಿಗೆಂದು ಮೀಸಲಾಗಿದ್ದ ಹುಲ್ಲುಗಾವಲು ಈಗ ದಂಡಿನ ವಿಮಾನಕ್ಕೆ ಸೇರಿದೆ. ದೇಶಕ್ಕೆ ವಿಮಾನ ಬೇಕು, ನಿಜ. ಅದಕ್ಕೆ ಕಾವಲೇ ಆಗಬೇಕಿತ್ತೇ ಎಂಬ ಆ ಹಳ್ಳಿಗರ ಪ್ರಶ್ನೆಯೂ ಅಷ್ಟೇ ನಿಜ.

ಹುಣಸೂರಿನಲ್ಲಿ ಮರದ ಕೆಲಸ ಈಗಲೂ ಇದೆ, ಪ್ಲೈವುಡ್ ಕಾರ್ಖಾನೆಯಿದೆ, ಹೊಗೆಸೊಪ್ಪಿನ ಹರಾಜು ಕಟ್ಟೆಯಿದೆ. ಆ ಕಮಿಸರಿಯೇಟ್ ಪೇಟೆಯ ಜಾಗಗಳನ್ನು ಗುರುತಿಸಿ ಒಂದು ಫಲಕ ನೆಡುವುದಕ್ಕೆ ನಗರಸಭೆಗೆ ಹೆಚ್ಚಿನ ಖರ್ಚಿಲ್ಲ. ಸೇರ್ವೆಗಾರ ಮನೆತನಗಳ ಹಿರಿಯರು ಹೇಳುವ ಹಿಂಡಿನ ಹೆಸರುಗಳನ್ನೂ ಗುರುತುಗಳನ್ನೂ ಬರೆದಿಡುವುದಕ್ಕೆ ಮೈಸೂರಿನ ವಿಶ್ವವಿದ್ಯಾನಿಲಯಕ್ಕೂ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯಕ್ಕೂ ಇದೇ ಸಮಯ. ಎಲ್ಲಕ್ಕಿಂತ ಮುಖ್ಯವಾಗಿ, ಉಳಿದಿರುವ ಕಾವಲುಗಳ ಗಡಿಯನ್ನು ಸರ್ಕಾರ ಅಳೆಸಿ, ಕಲ್ಲು ನೆಡಿಸಿ, ಇನ್ನೊಂದು ಎಕರೆಯನ್ನೂ ಬೇರೆ ಕೆಲಸಕ್ಕೆ ಬಿಡದೆ ಆ ದನಗಳಿಗೇ ಉಳಿಸಬೇಕು.